ಆ ‘ಗ’ ಯಾರಿಗೆ ಬರೆದದ್ದು

ಅವನು ಕೆಲಸಕ್ಕೆ ಸೇರಿದ ಮೊದಲ ದಿನವೇ ಅವಳ ತಲೆಗೂದಲು ನರೆಸಿಬಿಟ್ಟ.

ಕಾಂಕ್ರೀಟ್ ಪರೀಕ್ಷಾಲಯದ ಒಳಕೋಣೆಯಲ್ಲಿ ಹಾರುಬೂದಿಯ ಚೀಲವಿತ್ತು. ಕಲ್ಲಿದ್ದಲು ಉರಿಸಿ ಕರೆಂಟು ಮಾಡುವ ಕಡೆ, ಹೊಗೆಯ ಜೊತೆ ಮೇಲೇರುವ ಬೂದಿಯನ್ನು ಹಿಡಿದು ತುಂಬಿ ಕಳಿಸುತ್ತಾರೆ. ಮುಖಕ್ಕೆ ಹಚ್ಚುವ ಪೌಡರೂ ಅಷ್ಟು ನುಣುಪಿರುವುದಿಲ್ಲ. ಹೊಸ ಎಂಜಿನಿಯರ್ ಉತ್ಸಾಹದಲ್ಲಿ ಚೀಲದ ಬಾಯಿ ಬಿಚ್ಚಿದ. ಬಿಚ್ಚಲಿ, ಅದು ಅವನ ಕೆಲಸ. ಆದರೆ ತಲೆಯ ಮೇಲೆ ಫ್ಯಾನು ಗರಗರ ತಿರುಗುತ್ತಿದೆಯಲ್ಲ, ಅದನ್ನು ನೋಡಬೇಡವೇ? ಒಂದು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಕೋಣೆ ಮಾಯವಾಯಿತು. ಬೂದಿ ಮೆಲ್ಲಗೆ ಕೆಳಗಿಳಿದಾಗ ಎದುರಿನ ಮೇಜಿನ ಹಿಂದೆ ಒಬ್ಬಳು ಕಣ್ಣು ಮುಚ್ಚಿ, ತುಟಿ ಬಿಗಿದು, ಎರಡು ಕೈಯನ್ನೂ ಗಾಳಿಯಲ್ಲಿ ಎತ್ತಿಕೊಂಡು ಕೂತಿದ್ದಳು.

"ಯಾರದು?" ಅಂದಳು, ಕಣ್ಣು ತೆರೆಯದೆ.

"ಹೊಸಬ, ಮೇಡಂ."

"ಅದು ಗೊತ್ತಾಯ್ತು. ಹಳಬರು ಮೊದಲು ಫ್ಯಾನ್ ಆರಿಸ್ತಾರೆ."

ಅವನು ಓಡಿಹೋಗಿ ಸ್ವಿಚ್ಚು ಆರಿಸಿದ. ಕರವಸ್ತ್ರ ಚಾಚಿದ. ಅದರ ತುಂಬಾ ಬೂದಿಯೇ ಇತ್ತು. ಅವಳು ಒಂದು ಕಣ್ಣು ತೆರೆದು ಆ ಕರವಸ್ತ್ರವನ್ನು ನೋಡಿದಳು, ಆಮೇಲೆ ಅವನನ್ನು ನೋಡಿದಳು.

"ಒಂದು ಮಾತು ಹೇಳ್ಲಾ? ಬಯ್ಯಬಾರ್ದು," ಅಂದ ಅವನು. "ಮುದುಕಿ ಆದಾಗ ನೀವು ಹೇಗಿರ್ತೀರಿ ಅಂತ ಮೊದಲೇ ನೋಡಿದ ಗಂಡಸು ನಾನೊಬ್ಬನೇ. ಚೆನ್ನಾಗಿರ್ತೀರಿ."

ಬಯ್ಯಲು ಬಾಯಿ ತೆರೆದವಳಿಗೆ ನಗು ಬಂತು. ಬಾಯಿಗೆ ಬೂದಿ ಹೋಯಿತು. ಕೆಮ್ಮುತ್ತಾ ಎದ್ದು ನಿಂತು, ತಲೆ, ಭುಜ, ಸೆರಗು ಎಲ್ಲವನ್ನೂ ಪಟಪಟ ಕೊಡವಿದಳು.

"ಅಯ್ಯೋ, ಥೇಟ್ ಗುಬ್ಬಿ! ಗುಬ್ಬಿ ಮಣ್ಣಲ್ಲಿ ಸ್ನಾನ ಮಾಡಿ ಕೊಡವ್ಕೊಳ್ಳಲ್ವಾ, ಹಾಗೆ," ಅಂದ.

ಆ ಹೆಸರು ಅಂಟಿಕೊಂಡಿತು. ಕೋಣೆಯ ಹೊರಗೆ ಅವಳು ‘ಮೇಡಂ’, ಕಾಂಕ್ರೀಟಿನ ಕ್ಯೂಬುಗಳನ್ನು ಒಡೆದು ಗಟ್ಟಿತನ ಅಳೆಯುವ ಎಂಜಿನಿಯರ್. ಅವನ ಬಾಯಲ್ಲಿ ಮಾತ್ರ ಗುಬ್ಬಿ. ಅವಳೂ ಸುಮ್ಮನಿರುವವಳಲ್ಲ, ಅವನಿಗೆ ‘ಬೂದಿ ಸಾಹೇಬರು’ ಅಂತ ಹೆಸರಿಟ್ಟಳು. ಸಿಮೆಂಟಿನ ಪಾಲು ಕಡಿಮೆ ಮಾಡಿ, ಅದರ ಬದಲು ಬೂದಿಯನ್ನೂ ಕಬ್ಬಿಣದ ಕುಲುಮೆಯ ಕಿಟ್ಟದ ಪುಡಿಯನ್ನೂ ಸೇರಿಸಿ, ಉಪ್ಪುನೀರಲ್ಲೂ ಬಾಳಿಕೆ ಬರುವ ಕಾಂಕ್ರೀಟು ಮಾಡುವುದು ಅವನ ಕೆಲಸ. ಅವನು ಕಲಸುವವನು, ಅವಳು ಒಡೆಯುವವಳು.

"ನಾನು ಕಟ್ಟಿದ್ದನ್ನೆಲ್ಲ ಒಡೆಯೋಕೇ ನಿನ್ನನ್ನ ಇಟ್ಟಿದಾರೆ," ಅನ್ನುತ್ತಿದ್ದ.

"ಒಡೆಯದೆ ಗಟ್ಟಿ ಅಂತ ಹೇಗೆ ಗೊತ್ತಾಗ್ಬೇಕು ಸಾಹೇಬ್ರೆ?"

ಮೊದಮೊದಲು ನೀವು ಅನ್ನುತ್ತಿದ್ದವನು ಯಾವಾಗ ನೀನು ಅನ್ನತೊಡಗಿದ ಅಂತ ಅವಳಿಗೆ ನೆನಪಿಲ್ಲ. ಅವಳು ಮಾತ್ರ ನೀವು ಬಿಡಲಿಲ್ಲ. ಆ ನೀವು ಅನ್ನುವುದರಲ್ಲೇ ಒಂದು ಸಲಿಗೆ ಇತ್ತು, ಅದನ್ನು ಕಳೆದುಕೊಳ್ಳಲು ಮನಸ್ಸಿರಲಿಲ್ಲ ಅನ್ನಿ.

ಪರೀಕ್ಷಾಲಯದಲ್ಲಿ ಬೂದಿ ಎಲ್ಲಿ ಅಂದರೆ ಅಲ್ಲಿ ಕೂರುತ್ತದೆ. ಬೆಳಿಗ್ಗೆ ಬಂದು ನೋಡಿದರೆ ಅವಳ ಮೇಜಿನ ಮೇಲೊಂದು ತೆಳ್ಳನೆಯ ಪದರ. ಅದರಲ್ಲಿ ಬೆರಳಿಂದ ಬರೆದ ಒಂದು ‘ಗ’, ಗುಬ್ಬಿಯ ಗ. ತಾನು ಬಂದು ಹೋದೆ ಅಂತ ಅವನು ಬಿಟ್ಟು ಹೋಗುವ ಗುರುತು. ಅವನ ‘ಗ’ಕ್ಕೆ ಬಾಲ ಉದ್ದ, ಕೊನೆಯಲ್ಲಿ ಮೇಲಕ್ಕೆ ಸುತ್ತಿದ ಒಂದು ಸುರುಳಿ. ಮೊದಲ ವಾರ ಅವಳು ಬಟ್ಟೆ ತೆಗೆದುಕೊಂಡು ಒರೆಸಿದಳು. ಆಮೇಲೆ ಒರೆಸುವುದನ್ನು ಮಧ್ಯಾಹ್ನಕ್ಕೆ ಮುಂದೂಡಿದಳು. ಆಮೇಲೆ ಮೇಜಿನ ಆ ಮೂಲೆಯಲ್ಲಿ ಫೈಲು ಇಡುವುದನ್ನೇ ಬಿಟ್ಟಳು.

ವಯಸ್ಸು ಮೂವತ್ತು ದಾಟಿದ ಮೇಲೆ ಇಂಥದ್ದೆಲ್ಲ ಬರುತ್ತದೆ ಅಂತ ಅವಳು ಎಣಿಸಿರಲಿಲ್ಲ. ಮನೆಯಲ್ಲಿ ಅಮ್ಮ ಹೊಲಿಗೆ ಮಷೀನು ತುಳಿಯುತ್ತಾ ಕೇಳಿದಳು: "ಏನೇ, ಈಚೆಗೆ ಕನ್ನಡಿ ಸವೀತಾ ಇದೆ?"

"ಬೂದಿ ಒರೆಸ್ಕೋತಾ ಇದೀನಮ್ಮ."

"ಬೂದಿ ಒರೆಸೋಕೆ ಇಷ್ಟು ಹೊತ್ತಾ? ಆ ಬೂದಿಗೆ ಮನೆ ಕಡೆ ಬರೋಕೆ ಹೇಳು. ಕಾಲಿದೆ ತಾನೆ ಅದಕ್ಕೆ?"

ಬರುತ್ತೇನೆ ಅಂತ ಅವನೂ ಹೇಳಿದ್ದ. ಅದಕ್ಕೊಂದು ಷರತ್ತು ಹಾಕಿಕೊಂಡಿದ್ದ. ಉಪ್ಪುನೀರಿನ ಹಿನ್ನೀರಿನ ಮೇಲೆ ಒಂದು ಸೇತುವೆ ಆಗುವುದಿತ್ತು. ಅದಕ್ಕೆ ಅವನು ಮೂರು ಬಗೆಯ ಕಾಂಕ್ರೀಟು ಕಲಸುವುದು ಅಂತ ತೀರ್ಮಾನವಾಗಿತ್ತು. ‘ಕ’ ಅಂದರೆ ಬರೀ ಸಿಮೆಂಟು, ಹೋಲಿಕೆಗಾಗಿ. ‘ಖ’ ಅಂದರೆ ಸ್ವಲ್ಪ ಬೂದಿ. ‘ಗ’ ಅಂದರೆ ಅರ್ಧಕ್ಕರ್ಧ ಬೂದಿ ಮತ್ತು ಕಿಟ್ಟ, ಅವನ ಕನಸಿನ ಕೂಸು. ಅದು ಪಾಸಾದರೆ ಆ ವಿಭಾಗಕ್ಕೆ ಅವನೇ ಮುಖ್ಯಸ್ಥ, ಕೆಲಸವೂ ಖಾಯಂ.

"ಈ ಗ ಪಾಸಾಗ್ಲಿ, ಆ ಗ-ನ ಮನೆಗೆ ಬಂದು ಅಮ್ಮನ ಹತ್ರ ಮಾತಾಡ್ತೀನಿ," ಅಂದ.

"ನಿಮ್ಮ ಕಾಂಕ್ರೀಟು ಫೇಲಾದ್ರೆ ನಾನೂ ಫೇಲಾ?"

"ಫೇಲಾಗೋ ಮಾತು ಯಾಕೆ ಆಡ್ತೀಯ, ಅಪಶಕುನ!"

ಅವನು ನಗುತ್ತಾ ಹೇಳಿದ, ಅವಳೂ ನಕ್ಕಳು. ಆದರೆ ಪ್ರಶ್ನೆಗೆ ಉತ್ತರ ಬರಲಿಲ್ಲ ಅನ್ನುವುದನ್ನು ಅವಳು ಗಮನಿಸಿದ್ದಳು. ಗಮನಿಸಿ ಬದಿಗಿಟ್ಟಳು. ಪ್ರೀತಿಸುವವರು ಹೀಗೇ ಎಷ್ಟೋ ಬದಿಗಿಡುತ್ತಾರೆ.

ಕ್ಯೂಬಿನ ಅಚ್ಚುಗಳಿಗೆ ಕಾಂಕ್ರೀಟು ತುಂಬಿದ ದಿನ ಸಂಜೆ, ಕೈ ತೊಳೆಯುತ್ತಾ ಅವನು ಪಿಸುಗುಟ್ಟಿದ: "ನಾಳೆ ಬೆಳಿಗ್ಗೆ ಬಂದ ತಕ್ಷಣ ಬೆಂಚಿನ ತುದಿ ನೋಡು. ನಿಂಗೊಂದಿದೆ."

"ಏನು?"

"ಹೇಳಿದ್ರೆ ಏನು ಮಜಾ?"

ಮರುದಿನ ಅವಳು ಬರುವಾಗ ಬೆಂಚು ಖಾಲಿ. ಕಬ್ಬಿಣದ ಅಚ್ಚುಗಳನ್ನೆಲ್ಲ ಬಿಚ್ಚಿ, ತೊಳೆದು, ಎಣ್ಣೆ ಹಚ್ಚಿ ಕವುಚಿಟ್ಟಾಗಿತ್ತು. ಅವನು ಬಂದವನೇ ಬೆಂಚಿನ ಕೆಳಗೆ, ಕಸದ ಗುಡ್ಡೆಯಲ್ಲಿ, ಎಲ್ಲ ಕಡೆ ಹುಡುಕಿದ. ಮುಖ ಸಪ್ಪೆಯಾಯಿತು.

"ಯಾರೋ ಎಸೆದ್ರು ಅಂತ ಕಾಣುತ್ತೆ. ಹೋಗ್ಲಿ ಬಿಡು."

"ಏನಿತ್ತು ಅಂತಾದ್ರೂ ಹೇಳಿ."

"ಬೇಡ. ಎಸೆದಿದ್ದನ್ನ ಹೇಳಿದ್ರೆ ಹೊಟ್ಟೆ ಉರಿಯುತ್ತೆ."

ಎರಡು ದಿನ ಅವಳು ಪೀಡಿಸಿದಳು, ಅವನು ಕಣ್ಣಲ್ಲೇ ನಕ್ಕು ಜಾರಿಕೊಂಡ. ಆಮೇಲೆ ಇಬ್ಬರೂ ಮರೆತರು.

ನಾಲ್ಕು ವಾರ ನೀರಿನ ತೊಟ್ಟಿಯಲ್ಲಿ ನೆನೆದ ಮೇಲೆ ಕ್ಯೂಬುಗಳನ್ನು ಒಡೆಯುವುದು ಪದ್ಧತಿ. ಆ ದಿನ ಬಂತು. ತೊಟ್ಟಿ ನೋಡಿಕೊಳ್ಳುವ ಹೆಂಗಸನ್ನು ಎಲ್ಲರೂ ತೊಟ್ಟಿಯಮ್ಮ ಅಂತಲೇ ಕರೆಯುವುದು. ಅವಳು ಒದ್ದೆ ಕ್ಯೂಬುಗಳನ್ನು ಗಾಡಿಯಲ್ಲಿ ತಂದು ಮಷೀನಿನ ಪಕ್ಕ ಜೋಡಿಸಿದಳು.

"ನಿಮ್ಮ ಸಾಹೇಬ್ರ ಕೂಸುಗಳು ತಗಳ್ಳಿ. ಮೆತ್ತಗೆ ಒಡೀರಿ, ಪಾಪ, ಬೆಳಿಗ್ಗೆಯಿಂದ ಟೀ ಕೂಡ ಕುಡಿದಿಲ್ಲ ಆತ."

"ನೀವು ಸುಮ್ನಿರಿ ತೊಟ್ಟಿಯಮ್ಮ."

"ನಾನು ಸುಮ್ನೇ ಇದೀನಿ. ನಿಮ್ಮ ಕೆನ್ನೆ ಸುಮ್ನಿಲ್ಲ."

‘ಕ’ದ ಮೂರೂ ನಲವತ್ತೈದು, ನಲವತ್ತಾರರ ಸುತ್ತಿನ ಒತ್ತಡಕ್ಕೆ ಒಡೆದವು. ಬರೀ ಸಿಮೆಂಟು, ಅದರಲ್ಲೇನೂ ಆಶ್ಚರ್ಯವಿಲ್ಲ. ‘ಖ’ವೂ ಪಾಸಾಯಿತು. ‘ಗ’ಕ್ಕೆ ಸರಾಸರಿ ನಲವತ್ತು ಬೇಕಿತ್ತು. ಅವಳು ಮೊದಲನೆಯದನ್ನು ಎರಡು ಉಕ್ಕಿನ ತಟ್ಟೆಗಳ ನಡುವೆ ಕೂರಿಸಿ ಒತ್ತಡ ಬಿಟ್ಟಳು. ಮುಳ್ಳು ಏರುತ್ತಾ ಏರುತ್ತಾ ಹೋಗಿ, ಒಳಗೆಲ್ಲೋ ಟಕ್ ಅಂದು, ಮೂವತ್ತೇಳಕ್ಕೆ ನಿಂತಿತು. ಎರಡನೆಯದು ಮೂವತ್ತೆಂಟು.

ಒಡೆದ ಎರಡೂ ಕ್ಯೂಬುಗಳ ಒಳಗು ನೀಲಿ ಬೆರೆತ ಹಸಿರು, ನವಿಲಿನ ಕೊರಳಿನ ಹಾಗೆ. ಕಿಟ್ಟ ಬೆರೆತ ಕಾಂಕ್ರೀಟಿನ ಗುಣ ಅದು. ಒಳಗೆ ಗಾಳಿಯಾಡದೆ ಇರುವ ತನಕ ಆ ಬಣ್ಣ. ಒಡೆದು ಗಾಳಿ ತಾಗಿದರೆ ಕೆಲವೇ ದಿನಗಳಲ್ಲಿ ಮಾಸಿ ಎಲ್ಲದರಂತೆ ಬೂದು ಆಗಿಬಿಡುತ್ತದೆ. ಪ್ರತಿ ಸಲ ಒಡೆಯುವಾಗ ಅವಳಿಗೆ ಅದನ್ನು ನೋಡುವುದೇ ಒಂದು ಸಂತೋಷ. ಅವತ್ತು ನೋಡಲೂ ಮನಸ್ಸಾಗಲಿಲ್ಲ.

ಮೂರನೆಯದನ್ನು ಇಟ್ಟಳು. ಮುಳ್ಳು ಮೂವತ್ತೆಂಟು ದಾಟಿತು, ನಲವತ್ತು ದಾಟಿತು, ನಲವತ್ತಾರಕ್ಕೆ ಹೋಗಿ ಒಡೆಯಿತು. ಮನಸ್ಸಿನಲ್ಲೇ ಕೂಡಿ ಭಾಗಿಸಿದಳು. ಸರಾಸರಿ ನಲವತ್ತರ ಮೇಲೆ. ಒಂದಕ್ಕೊಂದರ ಅಂತರವೂ ನಿಯಮದ ಗೆರೆಯ ಒಳಗೇ ಇದೆ. ಪಾಸು! ಅವನ ಗ ಪಾಸು!

ಓಡಿಹೋಗಿ ಹೇಳಬೇಕು ಅಂತ ತಿರುಗಿದವಳು, ಚೂರುಗಳನ್ನು ಎತ್ತಿಡಲು ಬಗ್ಗಿದಳು. ಅರ್ಧ ಚೂರು ಕೈಗೆ ಬಂತು. ಅದರ ಮೇಲ್ಮೈಯಲ್ಲಿ ಉಳಿದವುಗಳ ಮೇಲಿದ್ದಂತೆ ಕಪ್ಪು ಬಣ್ಣದ ಅಕ್ಷರ ಇರಲಿಲ್ಲ. ಹಸಿ ಇರುವಾಗಲೇ ಮೊಳೆಯಿಂದ ಕೆತ್ತಿದ ಒಂದು ‘ಗ’ ಇತ್ತು. ಬಾಲ ಉದ್ದ, ಕೊನೆಯಲ್ಲಿ ಮೇಲಕ್ಕೆ ಸುತ್ತಿದ ಸುರುಳಿ. ಸುರುಳಿಯ ತುದಿಗೆ ಒಂದು ಪುಟ್ಟ ಹಕ್ಕಿ, ಎರಡು ಕಾಲು, ಒಂದು ಕೊಕ್ಕು.

ನಿಂಗೊಂದಿದೆ ಅಂದಿದ್ದನಲ್ಲ. ಇದೇ ಅದು.

ಅವಳಿಗೆ ಏನಾಯಿತು ಅಂತ ಹೇಳುವುದು ಕಷ್ಟ. ಯಾರೂ ಅವಳಿಗಾಗಿ ಯಾವತ್ತೂ ಏನನ್ನೂ ಕೆತ್ತಿರಲಿಲ್ಲ. ಬೆರಳಿಂದ ಆ ಹಕ್ಕಿಯನ್ನು ಸವರಿದಳು. ಕಣ್ಣು ತುಂಬಿ ಬಂತು. ಹಾಗೆ ತುಂಬಿದ ಕಣ್ಣಲ್ಲೇ ಚೂರನ್ನು ತಿರುಗಿಸಿದಳು, ಮತ್ತು ಒಳಗಿನ ಬಣ್ಣ ನೋಡಿದಳು.

ಬೂದು. ಬರೀ ಬೂದು. ನೀಲಿಯಿಲ್ಲ, ಹಸಿರಿಲ್ಲ.

ತೊಟ್ಟಿಯಮ್ಮನನ್ನು ಕರೆದು ಕೇಳಿದಳು. "ಇದು ತೊಟ್ಟಿಗೆ ಹೇಗೆ ಬಂತು?"

"ಯಾಕೆ, ನಾನೇ ಹಾಕಿದ್ದು. ಅವತ್ತು ಅಚ್ಚು ಬಿಚ್ಚುವಾಗ ಗ-ದ್ದು ಒಂದರ ಮೂಲೆ ಮುರಿದು ಕೈಗೆ ಬಂತು. ಬೂದಿ ಜಾಸ್ತಿ ಇದ್ರೆ ಮೊದಲ ದಿನ ಹಾಗೇ, ಮೆತ್ತಗಿರುತ್ತೆ. ಎಸೆದೆ. ಅಯ್ಯೋ ಎರಡೇ ಆಯ್ತಲ್ಲ ಅಂತಿದ್ದೆ, ಬೆಂಚಿನ ತುದೀಲಿ ಇನ್ನೊಂದು ಗ ಕೂತಿತ್ತು. ಕೆತ್ತಿದ ಅಕ್ಷರ ಇದೆಯಲ್ಲ ಅಂತ ಬಣ್ಣ ಕೂಡ ಹಚ್ಲಿಲ್ಲ. ಯಾಕೆ ಮೇಡಂ, ತಪ್ಪಾಯ್ತಾ?"

"ಇಲ್ಲ. ನಿಮ್ಮ ತಪ್ಪಲ್ಲ," ಅಂದಳು ಅವಳು.

ಬಿಡಿಸಿ ಹೇಳುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ಅವನು ಉಳಿದ ‘ಕ’ ಕಾಂಕ್ರೀಟಿನಿಂದ, ಬರೀ ಸಿಮೆಂಟಿನದರಿಂದ, ಅವಳಿಗೆ ಅಂತ ಒಂದು ಕ್ಯೂಬು ಮಾಡಿದ್ದ. ಅವಳ ಹೆಸರಿನ ಅಕ್ಷರ ಕೆತ್ತಿದ್ದ. ಆ ಅಕ್ಷರದಿಂದಾಗಿ ಅದು ಬೂದಿಯ ಕ್ಯೂಬುಗಳ ಸಾಲಿಗೆ ಸೇರಿತು. ಅವನ ಪ್ರೀತಿ ಅವನ ಕಾಂಕ್ರೀಟನ್ನು ಪಾಸು ಮಾಡಿತ್ತು.

ಮಾಳಿಗೆಯ ಮೇಲೆ ಅವನು ಸಿಕ್ಕಿದ. ಯಾರೋ ಮೊದಲೇ ಅಂಕಿ ಹೇಳಿದ್ದರು. ಮುಖ ಹೊಳೆಯುತ್ತಿತ್ತು. "ಗುಬ್ಬೀ!" ಅಂತ ಎರಡು ಕೈ ಚಾಚಿ ಬಂದವನು, ಅವಳ ಕೈಯಲ್ಲಿದ್ದ ಚೂರು ನೋಡಿ ನಿಂತ. ಮೊದಲು ನಕ್ಕ.

"ಸಿಕ್ತಾ? ಎಲ್ಲಿತ್ತು ಇದು? ನಾನು ಎಷ್ಟು ಹುಡುಕಿದೆ ಗೊತ್ತಾ?"

"ತೊಟ್ಟಿಯಲ್ಲಿ. ನಿಮ್ಮ ಗ-ದ ಮೂರನೇ ಕ್ಯೂಬು ಇದೇ."

ನಗು ಮುಖದ ಮೇಲೆಯೇ ಇತ್ತು, ಒಳಗಿನಿಂದ ಯಾರೋ ದೀಪ ಆರಿಸಿದಂತಾಯಿತು. ಅವನು ಬುದ್ಧಿವಂತ, ಎರಡನೇ ಸಲ ಹೇಳಬೇಕಾಗಲಿಲ್ಲ. ಮಾಳಿಗೆಯ ಗೋಡೆಗೆ ಒರಗಿಕೊಂಡ.

"ಯಾರಿಗೆ ಗೊತ್ತು ಇದು?"

"ನನಗೆ. ಈಗ ನಿಮಗೆ."

"ಹಾಗಾದ್ರೆ ನಾವಿಬ್ರೇ."

"ಅಂದ್ರೆ?"

"ಅಂದ್ರೆ ಏನೂ ಇಲ್ಲ ಗುಬ್ಬಿ. ಯೋಚಿಸು. ಬೂದಿ ನಿಧಾನ. ನಿಧಾನವಾಗಿ ಗಟ್ಟಿಯಾಗುತ್ತೆ. ಮೂರು ತಿಂಗಳು ಬಿಟ್ಟು ಒಡೆದ್ರೆ ಇದೇ ಗ ಸಿಮೆಂಟನ್ನೂ ಮೀರಿಸುತ್ತೆ, ನಿಂಗೂ ಗೊತ್ತು. ನಾವು ಸುಳ್ಳು ಹೇಳ್ತಾ ಇಲ್ಲ. ಸ್ವಲ್ಪ ಬೇಗ ಹೇಳ್ತಾ ಇದೀವಿ ಅಷ್ಟೆ."

"ಮೂರು ತಿಂಗಳು ಕೊಡಿ ಅಂತ ಕೇಳೋಣ. ನಾನೂ ಜೊತೆಗೆ ನಿಂತು ಕೇಳ್ತೀನಿ."

"ಅವರು ಕಾಯಲ್ಲ. ಆ ಹುದ್ದೆ ಕಾಯಲ್ಲ. ನಿಮ್ಮಮ್ಮ ಕಾಯ್ತಾರಾ?"

ಆ ಮಾತು ಚಾಟಿಯ ಹಾಗೆ ಬಂತು. ಅವನಿಗೂ ಗೊತ್ತಾಯಿತು, ನಾಲಿಗೆ ಕಚ್ಚಿಕೊಂಡ. ಮೆತ್ತಗೆ ಹತ್ತಿರ ಬಂದು ಅವಳ ಕೈ ಹಿಡಿದ. ಅದುವರೆಗೆ ಅವನು ಅವಳ ಕೈ ಹಿಡಿದಿರಲಿಲ್ಲ. ಅವಳು ಆ ಗಳಿಗೆಗಾಗಿ ಎಷ್ಟು ಕಾದಿದ್ದಳು, ಮತ್ತು ಅದು ಇಂಥ ಹೊತ್ತಿನಲ್ಲಿ ಬಂತು.

"ನೀನು ಏನೂ ಹೇಳ್ಬೇಕಾಗಿಲ್ಲ. ಸುಮ್ನಿದ್ರೆ ಸಾಕು. ಮೂರು ನಂಬರ್ ಬಂದಿವೆ, ಮೂರನ್ನೂ ಬರಿ. ಭಾನುವಾರ ನಿಮ್ಮ ಮನೆಗೆ ಬರ್ತೀನಿ."

"ಸೇತುವೆ ಮೇಲೆ ಜನ ಓಡಾಡ್ತಾರೆ."

"ಸೇತುವೆ ಬೀಳಲ್ಲ!"

"ಬೀಳಲ್ಲ ಅಂತ ನೀವು ಹೇಳ್ತಿದೀರಿ. ಅಳೆದು ಹೇಳೋದು ನನ್ನ ಕೆಲಸ. ನಾನು ಅಳೆದಿದ್ದು ಬೇರೆ ಯಾವುದೋ ಕ್ಯೂಬನ್ನ." ಅವಳು ಚೂರನ್ನು ಅವನ ಮುಂದೆ ಹಿಡಿದಳು. "ನಿಜ ಹೇಳಿಬಿಡಿ. ಉಳಿದ ಕಾಂಕ್ರೀಟಲ್ಲಿ ಒಂದು ಕ್ಯೂಬು ಮಾಡಿ ಅವಳ ಅಕ್ಷರ ಕೆತ್ತಿದೆ, ಅದು ಬೆರೆತುಹೋಯ್ತು ಅಂತ. ನಗ್ತಾರೆ, ಬಯ್ತಾರೆ, ಮತ್ತೆ ಮಾಡಿ ಅಂತಾರೆ. ಅಷ್ಟೇ ತಾನೆ?"

"ಎಲ್ಲರ ಮುಂದೆ? ಹುಡುಗಿಗೆ ಹಕ್ಕಿ ಚಿತ್ರ ಬರೀತಾ ಕೂತಿದ್ದೆ ಅಂತ ಹೇಳಲಾ? ಆಮೇಲೆ ನನಗೆ ಒಂದು ವಿಭಾಗ ಕೊಡ್ತಾರಾ?"

"ನೀನು ಬರೆದಿದ್ದು ನಿನಗೆ ನಾಚಿಕೆನಾ?"

ಮೊದಲ ಸಲ ಅವಳು ನೀನು ಅಂದಿದ್ದಳು. ಅವನಿಗೆ ಅದು ಕೇಳಿಸಲೇ ಇಲ್ಲ. ಅವಳ ಕೈ ಬಿಟ್ಟು, ಗೋಡೆಯಾಚೆಯ ರಸ್ತೆ ನೋಡುತ್ತಾ ನಿಂತಿದ್ದ.

ಅವತ್ತು ಸಂಜೆ ಅವಳು ಮೂರು ಅಂಕಿಗಳನ್ನೂ ಬರೆದಳು. ಕೆಳಗೆ ಇನ್ನೊಂದು ಸಾಲು ಸೇರಿಸಿದಳು: ಮೂರನೆಯ ಕ್ಯೂಬಿನ ಒಳಬಣ್ಣ ಬೇರೆ, ಬೇರೆ ಮಿಶ್ರಣದ್ದು ಅಂತ ಅನುಮಾನ. ಅಕ್ಷರಗಳು ನೆಟ್ಟಗೇ ಬಂದವು. ಮರುದಿನ ಮೇಜಿನ ಮೇಲೆ ಬೂದಿಯ ಪದರ ಇತ್ತು, ಬೇರೇನೂ ಇರಲಿಲ್ಲ.

ಆ ವಾರದ ಕೊನೆಗೆ ಸಭೆ ಕರೆದರು. ಪರೀಕ್ಷಾಲಯದ ಹಿರಿಯರು, ಕೋಪ ಬಂದಾಗ ಇನ್ನೂ ಮೆಲ್ಲಗೆ ಮಾತಾಡುವ ಮನುಷ್ಯ, ಸೇತುವೆಯ ಕಡೆಯವರು ಇಬ್ಬರು, ಅವನು, ಅವಳು. ಬಾಗಿಲ ಹತ್ತಿರ ತೊಟ್ಟಿಯಮ್ಮನನ್ನೂ ನಿಲ್ಲಿಸಿದ್ದರು. ಪಾಪ, ಸೆರಗಿನ ತುದಿ ಹಿಂಡುತ್ತಾ ನಿಂತಿದ್ದಳು. ಮೇಜಿನ ಮೇಲೆ ಒಂದು ತಟ್ಟೆಯಲ್ಲಿ ಮೂರು ಕ್ಯೂಬುಗಳ ಚೂರುಗಳು.

"ಮೂರೂ ಬೂದು ಬಣ್ಣವೇ ಇದೆಯಲ್ಲ ಇವರೇ," ಅಂದರು ಸೇತುವೆಯವರಲ್ಲಿ ಒಬ್ಬರು.

"ಗಾಳಿ ತಾಗಿ ಹಾಗಾಗಿದೆ ಸಾರ್," ಅಂದ ಅವನು ತಕ್ಷಣ. ಇಸ್ತ್ರಿ ಹಾಕಿದ ಅಂಗಿ, ಇಸ್ತ್ರಿ ಹಾಕಿದ ದನಿ. "ಒಡೆದಾಗ ಮೇಡಂ ಯಾವ ಬೆಳಕಲ್ಲಿ ನೋಡಿದ್ರೋ. ಬಣ್ಣ ನೋಡಿ ಕ್ಯೂಬನ್ನ ತಳ್ಳಿಹಾಕೋಕಾಗಲ್ಲ. ಅಂಕಿಗಳು ನಿಯಮದ ಒಳಗೇ ಇವೆ."

ಮೇಡಂ. ಅವಳು ತಟ್ಟೆಯನ್ನೇ ನೋಡುತ್ತಿದ್ದಳು.

ಹಿರಿಯರು ಕೆತ್ತಿದ ಚೂರನ್ನು ಎತ್ತಿ ಬೆಳಕಿಗೆ ಹಿಡಿದರು. "ಉಳಿದದ್ದಕ್ಕೆಲ್ಲ ಬಣ್ಣದಲ್ಲಿ ಬರೆದಿದೆ. ಇದಕ್ಕೆ ಮಾತ್ರ ಕೆತ್ತನೆ. ಪಕ್ಕದಲ್ಲಿ ಏನೋ ಕೋಳಿಯೋ ಹಕ್ಕಿಯೋ. ಇದು ಯಾರ ಕೈ?"

"ನಂದೇ ಸಾರ್."

"ಯಾರಿಗೆ ಬರೆದಿದ್ದು ಇದು?"

ಅವನು ಅಂಗಿಯ ತೋಳು ಸರಿಮಾಡಿಕೊಂಡ. ಅವಳು ತಲೆ ಎತ್ತಿದಳು. ಅವಳ ಜೀವಮಾನದ ಆಸೆಯೆಲ್ಲ ಆ ಒಂದು ಕ್ಷಣದಲ್ಲಿ ಬಂದು ಕೂತಿತ್ತು. ಈಗಲೂ ಅವನು ನಿಜ ಹೇಳಿದರೆ ಸಾಕು, ಹುದ್ದೆ ಬೇಡ, ಸೇತುವೆ ಬೇಡ, ಅವಳು ಅವನ ಜೊತೆ ಎಲ್ಲಿಗೆ ಬೇಕಾದರೂ ಹೋಗುತ್ತಿದ್ದಳು.

"ಯಾರಿಗೂ ಅಲ್ಲ. ಮಿಶ್ರಣದ ಅಕ್ಷರ ಅದು, ಗ." ಅವನು ನಕ್ಕ, ಸಭೆಗೆ ತಕ್ಕ ಒಂದು ಸಣ್ಣ ನಗು. "ಚಿತ್ರ ಸುಮ್ನೆ ಕೈಗೆ ಬಂದಿದ್ದು. ಮೇಡಂಗೆ ಬೇರೆ ಏನೋ ಅನ್ನಿಸಿರಬಹುದು. ಅದಕ್ಕೆ ನಾನು ಏನು ಮಾಡೋಕಾಗುತ್ತೆ ಸಾರ್?"

ಸೇತುವೆಯವರಲ್ಲಿ ಕಿರಿಯವನು ಬಾಯಿಗೆ ಕೈ ಅಡ್ಡ ಹಿಡಿದ. ಹಿರಿಯರು ಕಣ್ಣು ಬೇರೆ ಕಡೆ ತಿರುಗಿಸಿದರು. ಮೂವತ್ತು ದಾಟಿದ ಹೆಣ್ಣು ಇಲ್ಲದ್ದನ್ನು ಕಲ್ಪಿಸಿಕೊಂಡಳು ಅನ್ನುವ ಮಾತು ಯಾರೂ ಆಡಲಿಲ್ಲ. ಆಡದೆಯೇ ಕೋಣೆಯ ತುಂಬಾ ಹರಡಿತು, ಆ ಮೊದಲ ದಿನದ ಬೂದಿಯಂತೆ.

ಅವಳು ಎದ್ದಳು. ಹೊರಗೆ ಹೋಗಿ ಒಂದು ಸುತ್ತಿಗೆ ತಂದಳು. ಒಂದು ಗೋಣಿ ಹಾಸಿ, ಮೊದಲ ಕ್ಯೂಬಿನ ದೊಡ್ಡ ಚೂರು ಇಟ್ಟು ಹೊಡೆದಳು. ಎರಡಾಯಿತು. ಹೊರಗೆಲ್ಲ ಬೂದು, ಈಗ ತಾನೇ ತೆರೆದ ಒಳಗು ನೀಲಿ ಹಸಿರು. ಕಿರಿಯವನು "ಅಬ್ಬಾ" ಅಂದ. ಎರಡನೆಯದನ್ನು ಹೊಡೆದಳು. ಅದರ ಒಳಗೂ ನೀಲಿ ಹಸಿರು.

ಹಿರಿಯರ ಕೈಯಿಂದ ಮೂರನೆಯ ಚೂರನ್ನು ತೆಗೆದುಕೊಂಡಳು. ಅಕ್ಷರ ಮೇಲೆ ಇತ್ತು, ಹಕ್ಕಿ ಮೇಲೆ ಇತ್ತು. ಅವನು ಕುರ್ಚಿಯಿಂದ ಅರ್ಧ ಎದ್ದು "ಬೇಡ" ಅಂದ. ಮೆಲ್ಲಗೆ, ಅವಳಿಗೆ ಮಾತ್ರ ಕೇಳುವಷ್ಟು. ಹೊಡೆದಳು.

ಒಳಗೂ ಹೊರಗೂ ಬೂದು.

ಹಿರಿಯರು ಬಹಳ ಮೆಲ್ಲಗೆ ಕೇಳಿದರು: "ಇದು ಗ ಮಿಶ್ರಣ ಅಲ್ಲ. ಹಾಗಾದ್ರೆ ಈ ಗ ಯಾರಿಗೆ ಬರೆದಿದ್ದಪ್ಪ?"

ಅವನು ತಲೆ ತಗ್ಗಿಸಿದ.

"ನನಗೆ ಸಾರ್," ಅಂದಳು ಅವಳು. "ನನಗೆ ಬರೆದಿದ್ದು."

ದನಿ ಒಡೆಯಲಿಲ್ಲ. ಸುತ್ತಿಗೆಯನ್ನು ಗೋಣಿಯ ಮೇಲೆ ಇಟ್ಟು ಹೊರಗೆ ಬಂದಳು. ಅಳು ಬಂದದ್ದು ತೊಟ್ಟಿಯ ಹತ್ತಿರ. ತೊಟ್ಟಿಯಮ್ಮ ಹಿಂದೆಯೇ ಬಂದಿದ್ದಳು. ಏನೂ ಕೇಳದೆ, ತನ್ನ ಒದ್ದೆ ಕೈಯನ್ನು ಅವಳ ಬೆನ್ನ ಮೇಲೆ ಇಟ್ಟುಕೊಂಡು ನಿಂತಳು.

"ಪ್ರೀತಿ ಇತ್ತು ತೊಟ್ಟಿಯಮ್ಮ. ನಿಜವಾಗ್ಲೂ ಇತ್ತು. ನೋಡಿದ್ರಲ್ಲ?"

"ನೋಡಿದೆ ಮಗಾ. ಎಲ್ಲರೂ ನೋಡಿದ್ರು."

ಅಮ್ಮನಿಗೆ ಹೇಳುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಅಮ್ಮ ಹೊಲಿಗೆ ನಿಲ್ಲಿಸಿ ಪೂರ್ತಿ ಕೇಳಿದಳು. ಕೊನೆಗೆ, "ಸುಮ್ನಿದ್ದಿದ್ರೆ ಭಾನುವಾರ ಬರ್ತಿದ್ನಾ?" ಅಂದಳು.

"ಬರ್ತಿದ್ದ."

"ಹ್ಞೂಂ." ಅಮ್ಮ ಮತ್ತೆ ಮಷೀನು ತುಳಿಯತೊಡಗಿದಳು. ಸ್ವಲ್ಪ ಹೊತ್ತಾದ ಮೇಲೆ, ಸೂಜಿಯ ಮೇಲಿನ ಕಣ್ಣು ತೆಗೆಯದೆ ಅಂದಳು: "ಎಲ್ಲರ ಮುಂದೆ ನೀನು ಯಾರೂ ಅಲ್ಲ ಅಂದೋನು, ನನ್ನ ಮುಂದೆ ಬಂದು ಏನಂತಿದ್ನೋ."

ಅವನನ್ನು ಕೆಲಸದಿಂದ ತೆಗೆಯಲಿಲ್ಲ. ಬೇರೆ ಊರಿನ ಕಚೇರಿಗೆ ಹಾಕಿದರು. ಹೋಗುವ ದಿನ ಅವನು ಎಲ್ಲರ ಕೋಣೆಗೂ ಹೋಗಿ ಬಂದ, ಅವಳ ಕೋಣೆಯ ಬಾಗಿಲಲ್ಲಿ ನಿಂತ. ಅವಳು ಮಷೀನಿನ ತಟ್ಟೆ ಒರೆಸುತ್ತಿದ್ದಳು, ಒರೆಸುತ್ತಲೇ ಇದ್ದಳು. ಬಾಗಿಲಲ್ಲಿ ನೆರಳು ಇದ್ದಷ್ಟು ಹೊತ್ತು ಇತ್ತು, ಆಮೇಲೆ ಇರಲಿಲ್ಲ.

‘ಗ’ವನ್ನು ಅವಳೇ ಹೊಸದಾಗಿ ಕಲಸಿದಳು, ಅವನು ಹೇಳಿದ ಅಳತೆಯಲ್ಲೇ, ಒಂದು ಹಿಡಿ ಹೆಚ್ಚಿಲ್ಲ, ಕಡಿಮೆಯಿಲ್ಲ. ಹಿರಿಯರ ಹತ್ತಿರ ಮೂರು ತಿಂಗಳು ಕೇಳಿದಳು. ಅವರು ಸೇತುವೆಯವರನ್ನು ಕೇಳಿದರು. ಸೇತುವೆಯವರು, ನಂಬಿದರೆ ನಂಬಿ, ಒಂದೇ ಮಾತಿಗೆ ಒಪ್ಪಿಬಿಟ್ಟರು. ಮಳೆಗಾಲ ಮುಗಿಯದೆ ಅವರಿಗೂ ಹೇಗೂ ಕೆಲಸ ಶುರುಮಾಡುವ ಹಾಗಿರಲಿಲ್ಲ. ಆ ದಿನ ಅವಳು ಊಟ ಮಾಡಲಿಲ್ಲ. ಅವನು ಬಾಯಿಬಿಟ್ಟು ಕೇಳಿದ್ದರೆ ಸಾಕಿತ್ತು.

ಮೂರು ತಿಂಗಳಾದ ಮೇಲೆ ಒಡೆದಾಗ ಮೂರೂ ಐವತ್ತರ ಆಸುಪಾಸು ಬಂದವು. ಒಳಗೆ ಮೂರೂ ನೀಲಿ ಹಸಿರು. ಉಪ್ಪುನೀರಿನ ಪರೀಕ್ಷೆಯಲ್ಲಂತೂ ಸಿಮೆಂಟಿನದ್ದನ್ನು ಹತ್ತಿರಕ್ಕೂ ಬಿಡಲಿಲ್ಲ. ಸುದ್ದಿ ಅವನ ಕಿವಿಗೂ ಬಿತ್ತು. ಮಧ್ಯಾಹ್ನ ಫೋನು ಬಂತು.

"ಬಂತಂತೆ?"

"ಬಂತು. ನಲವತ್ತೊಂಬತ್ತು, ಐವತ್ತು, ಐವತ್ತೊಂದು."

"ನಾನು ಹೇಳಿರ್ಲಿಲ್ವಾ?"

"ಹೇಳಿದ್ರಿ. ನೀವು ಹೇಳಿದ್ದೇ ಸರಿ. ವರದಿಯಲ್ಲಿ ನಿಮ್ಮ ಹೆಸರೇ ಹಾಕಿದೀನಿ."

ಆ ಕಡೆ ಎಲ್ಲೋ ಒಂದು ಲಾರಿ ಹಿಂದಕ್ಕೆ ಹೋಗುವ ಸದ್ದು.

"ಗುಬ್ಬಿ, ಅವತ್ತು... ಆ ಅಕ್ಷರ ನಿಂಗೇ ಬರೆದಿದ್ದು. ಆಣೆ ಮಾಡಿ ಹೇಳ್ತೀನಿ."

"ಆಣೆ ಯಾಕೆ? ನಾನೇ ಅಲ್ವಾ ಒಡೆದು ತೋರಿಸಿದ್ದು."

"ಮತ್ತೆ? ಭಾನುವಾರ ಬರ್ಲಾ? ಅಮ್ಮನ ಹತ್ರ ನಾನೇ ಮಾತಾಡ್ತೀನಿ. ಕಾಲಿಗೆ ಬೀಳು ಅಂದ್ರೆ ಬೀಳ್ತೀನಿ."

ಬಾ ಅಂತ ಒಂದು ಅಕ್ಷರ ಗಂಟಲ ತನಕ ಬಂತು. ಬರಲಿಲ್ಲ ಅಂದರೆ ಸುಳ್ಳಾದೀತು. ಅವಳು ಕಣ್ಣು ಮುಚ್ಚಿಕೊಂಡು ಅದನ್ನು ನುಂಗಿಕೊಂಡಳು.

"ಬರ್ಬೇಡಿ," ಅಂದಳು. "ನೀವು ನನ್ನನ್ನ ಪ್ರೀತಿಸಿದ್ರಿ ಅಂತ ಸಾಬೀತು ಮಾಡೋ ಕೆಲಸ ನನ್ನ ಪಾಲಿಗೆ ಬರಬಾರ್ದಿತ್ತು."

ಫೋನು ಇಟ್ಟಳು. ತೊಟ್ಟಿಯಮ್ಮ ಗಾಡಿ ತಳ್ಳುತ್ತಾ ಬಂದು, ಅವಳ ಮುಖ ನೋಡಿ ಗಾಡಿ ನಿಲ್ಲಿಸಿದಳು.

"ಯಾರದು ಮೇಡಂ? ರಾಂಗ್ ನಂಬರಾ?"

"ಇಲ್ಲ. ನಂಬರು ಸರಿಯಾಗೇ ಇತ್ತು, ಬಂದಿದ್ದು ತಡ." ಅವಳು ಮುಂದಿನ ಕ್ಯೂಬನ್ನು ಎರಡು ಕೈಯಲ್ಲಿ ಎತ್ತಿ ಮಷೀನಿನ ತಟ್ಟೆಯ ಮೇಲೆ ಕೂರಿಸಿದಳು. "ತಡವಾಗಿ ಬಂದ ನಂಬರನ್ನ ಸೇತುವೆಯವರು ತಗೋತಾರೆ ತೊಟ್ಟಿಯಮ್ಮ. ನನ್ನಿಂದ ಆಗಲ್ಲ."